ಮಾಷ್ಟ್ರೇ, ತಂತಿ ಎಲ್ಲಿ?



ಕಳೆದ ತಿಂಗಳು ಸಹೋದರಿಯೊಬ್ಬರು ನನಗೆ ಪತ್ರ ಬರೆದಿದ್ದರು. ಮಕ್ಕಳ ಓದು, ಮದುವೆಯ ಖರ್ಚು, ಅತ್ತೆ-ಸೊಸೆಯರ ಮನಸ್ತಾಪ ಇವುಗಳ ಬಗ್ಗೆ ಪತ್ರ ಬರುವುದು ವಾಡಿಕೆ. ಇದು ಹಾಗಿರಲಿಲ್ಲ. ಅವರ ಮಗ ದ್ವಿತೀಯ ಪಿಯುಸಿಯಲ್ಲಿದ್ದಾನೆ. ಗಲ್ಫ್‌ನಲ್ಲಿರುವ ಮಾಮ ರಜೆಗೆ ಬಂದಾಗ ಒಂದು ಕ್ಯಾಮರಾ ಕೊಟ್ಟು ಹೋಗಿದ್ದಾರೆ. ಅಂದಿನಿಂದ ರವಿವಾರ ಬಂತೆಂದರೆ ಹುಡುಗ ಮನೆಯಲ್ಲಿಲ್ಲ. ತೋಟದಾಚೆಯ ಕಾಡಂಚಿನಲ್ಲಿ ಮರದ ತುದಿ ನೋಡುತ್ತಾ ನಿಂತಿರುತ್ತಾನೆ. ರಾತ್ರಿಯಾದರೆ ಕಂಪ್ಯೂಟರಿನ ಮುಂದೆ. ಇಷ್ಟೇ ಆಗಿದ್ದರೆ ತಾಯಿ ಬೈದು ಸುಮ್ಮನಾಗುತ್ತಿದ್ದರೇನೋ. ಆದರೆ ಕಾಲೇಜಿನ ಸ್ಪರ್ಧೆಯಲ್ಲಿ ಅವನ ಕೆಂದಳಿಲಿನ ಚಿತ್ರಕ್ಕೆ ಮೊದಲ ಬಹುಮಾನ ಬಂತು. ಅಳಿಲಿನ ಮುಖಕ್ಕೆ ಅಡ್ಡವಾಗಿದ್ದ ಕೊಂಬೆಯೊಂದನ್ನು ಮಗ ಅಳಿಸಿ ಹಾಕಿದ್ದನ್ನು ತಾಯಿ ಪಕ್ಕದಲ್ಲೇ ಕುಳಿತು ನೋಡಿದ್ದರು. "ಇದು ಸುಳ್ಳಲ್ಲವೇ ಮಗಾ?" ಎಂದು ಕೇಳಿದರೆ, "ಎಲ್ಲರೂ ಮಾಡುವುದೇ ಉಮ್ಮಾ, ಇದಕ್ಕೆ ಎಡಿಟಿಂಗ್ ಅಂತಾರೆ" ಎಂದನಂತೆ. "ಯಾರು ಸರಿ, ನೀವೇ ಹೇಳಿ" ಎಂದು ಪತ್ರ ಮುಗಿದಿತ್ತು.

ಆ ಪತ್ರ ಎರಡು ವಾರ ನನ್ನ ಮೇಜಿನ ಮೇಲೆಯೇ ಇತ್ತು. ಉತ್ತರ ಗೊತ್ತಿರಲಿಲ್ಲ ಎಂದಲ್ಲ. ಉತ್ತರ ಹೇಳಬೇಕಾದರೆ ನನ್ನದೇ ಒಂದು ತಪ್ಪನ್ನು ಹೇಳಿಕೊಳ್ಳಬೇಕಿತ್ತು. ಅದನ್ನು ಹೇಳುತ್ತೇನೆ. ಆದರೆ ಅದಕ್ಕೆ ಮುಂಚೆ ಈ ಕೆಲಸ ಎಂಥದೆಂದು ನೋಡೋಣ. ಕೆಲಸದ ಕಷ್ಟ ತಿಳಿಯದೆ ತೀರ್ಪು ಕೊಟ್ಟರೆ ಆ ಹುಡುಗ ನನ್ನ ಮಾತು ಕೇಳುವುದಿಲ್ಲ, ಕೇಳಬೇಕಾಗಿಯೂ ಇಲ್ಲ.

ಬೆಳಗ್ಗೆ ಮದ್ರಸದಲ್ಲಿ, ಹಗಲು ಶಾಲೆಯಲ್ಲಿ ಪಾಠ ಹೇಳುವವನಿಗೆ ಕ್ಯಾಮರಾದ ಗೀಳು ಎಲ್ಲಿಂದ ಬಂತು ಎಂದು ನೀವು ಕೇಳಬಹುದು. ಬಿ.ಎ. ಓದುವಾಗ ಜೊತೆಗಿದ್ದ ಗೆಳೆಯನೊಬ್ಬ ಹೊಸತು ಕೊಂಡಾಗ ತನ್ನ ಹಳೆಯದನ್ನು ನನಗೆ ಅರ್ಧ ಬೆಲೆಗೆ ಕೊಟ್ಟ, ಅಷ್ಟೇ. ನಮ್ಮ ಊರು ಘಟ್ಟದ ಬುಡದಲ್ಲಿದೆ. ಶುಕ್ರವಾರ ಮದ್ರಸಕ್ಕೆ ರಜೆ. ಫಜ್ರ್ ನಮಾಝ್ ಮುಗಿಸಿ ಹೊರಟರೆ ಶಾಲೆಯ ಗಂಟೆ ಹೊಡೆಯುವವರೆಗೆ ಎರಡೂವರೆ ಗಂಟೆ ಸಿಗುತ್ತದೆ. ಮರದ ಮೇಲೆ ಬದುಕುವ ಪ್ರಾಣಿಗಳು ಚೆನ್ನಾಗಿ ಓಡಾಡುವುದೂ ಆ ಹೊತ್ತಿನಲ್ಲೇ.

ನೆಲದ ಮೇಲಿನ ಜಿಂಕೆಗೂ ಮರದ ಮೇಲಿನ ಅಳಿಲಿಗೂ ಚಿತ್ರ ತೆಗೆಯುವವನ ಮಟ್ಟಿಗೆ ಇರುವ ದೊಡ್ಡ ವ್ಯತ್ಯಾಸವೆಂದರೆ ಹಿನ್ನೆಲೆ. ಜಿಂಕೆಯ ಹಿಂದೆ ಹುಲ್ಲು, ಪೊದೆ ಇರುತ್ತದೆ. ಅಳಿಲಿನ ಹಿಂದೆ ಆಕಾಶವಿರುತ್ತದೆ. ಕ್ಯಾಮರಾ ಬುದ್ಧಿವಂತ ಯಂತ್ರವೇನೋ ಹೌದು, ಆದರೆ ಅದಕ್ಕೆ ಅಳಿಲು ಯಾವುದು, ಆಕಾಶ ಯಾವುದು ಎಂಬ ವಿವೇಚನೆ ಕಡಿಮೆ. ಎದುರಿಗಿರುವ ದೃಶ್ಯವೆಲ್ಲ ಒಟ್ಟಾರೆ ನಡುಬೂದು ಬಣ್ಣದಷ್ಟು ಬೆಳಕಿನದ್ದಿರಬೇಕು ಎಂಬ ಲೆಕ್ಕದ ಮೇಲೆ ಅದು ಬೆಳಕನ್ನು ಅಳೆಯುತ್ತದೆ. ಬಿಳಿ ಆಕಾಶ ಹೆಚ್ಚಾಗಿ ಕಂಡಿತೋ, "ಬೆಳಕು ಬಹಳವಾಯಿತು" ಎಂದು ಕಡಿಮೆ ಮಾಡಿಬಿಡುತ್ತದೆ. ಆಗ ಆಕಾಶ ಬೂದಿಯಾಗಿ, ಅಳಿಲು ಮಸಿ ಬಳಿದ ಗೊಂಬೆಯಂತೆ ಕಾಣುತ್ತದೆ. ಹೊಸಬರು ಮನೆಗೆ ಬಂದು ನೋಡಿ ನಿರಾಶರಾಗುವುದು ಇದೇ ಕಾರಣಕ್ಕೆ. ಕ್ಯಾಮರಾದಲ್ಲಿ ಪ್ಲಸ್-ಮೈನಸ್ ಗುರುತಿನ ಒಂದು ಗುಂಡಿ ಇರುತ್ತದೆ. ಹಿಂದೆ ಆಕಾಶವಿದ್ದಾಗ ಅದನ್ನು ಪ್ಲಸ್ ಒಂದು ಅಥವಾ ಒಂದೂವರೆಗೆ ಏರಿಸಬೇಕು. ಆಕಾಶ ಬೆಳ್ಳಗಾಗಿ ಹೋದರೂ ಹೋಗಲಿ, ನಾವು ಹೋದದ್ದು ಆಕಾಶ ನೋಡಲಿಕ್ಕಲ್ಲವಲ್ಲ.

ಇದರ ತದ್ವಿರುದ್ಧ ಕಷ್ಟ ಸಿಂಗಳೀಕದ್ದು. ಕರ್ನಾಟಕ, ಕೇರಳ, ತಮಿಳುನಾಡುಗಳ ಪಶ್ಚಿಮ ಘಟ್ಟದಲ್ಲಿ ಬಿಟ್ಟರೆ ಲೋಕದ ಬೇರಾವ ಕಾಡಿನಲ್ಲೂ ಇಲ್ಲದ ಈ ಕೋತಿಯ ಮೈ ಕಡು ಕಪ್ಪು. ಮುಖದ ಸುತ್ತ ಬೂದು ಬಣ್ಣದ ಕೇಸರ, ಬಾಲದ ತುದಿಯಲ್ಲಿ ಸಿಂಹದ ಬಾಲದಂಥ ಕುಚ್ಚು. ದಟ್ಟ ಎಲೆಗಳ ನಡುವೆ ಅದು ಚೌಕಟ್ಟಿನ ತುಂಬ ಕಂಡಿತೆನ್ನಿ, ಈಗ ಕ್ಯಾಮರಾ "ಕತ್ತಲೆಯಾಯಿತು" ಎಂದು ಬೆಳಕನ್ನು ಏರಿಸುತ್ತದೆ. ಕಪ್ಪು ಮೈ ಬೂದಿಯಾಗುತ್ತದೆ, ಕೇಸರ ಸುಣ್ಣದಂತೆ ಬೆಳ್ಳಗಾಗಿ ಅದರ ಎಳೆಗಳೇ ಮಾಯವಾಗುತ್ತವೆ. ಇಲ್ಲಿ ಗುಂಡಿಯನ್ನು ಮೈನಸ್ ಕಡೆಗೆ ತಿರುಗಿಸಬೇಕು. ಒಂದೇ ಪ್ರಾಣಿ ಎಲೆಯ ಮರೆಯಿಂದ ತುದಿಕೊಂಬೆಗೆ ಹಾರಿದರೆ ಮತ್ತೆ ಪ್ಲಸ್. ಹೀಗೆ ಕ್ಷಣಕ್ಷಣಕ್ಕೂ ಲೆಕ್ಕ ಬದಲಾಗುತ್ತದೆ. ಪಿಯುಸಿ ಹುಡುಗ ಇದನ್ನು ತಾನಾಗಿಯೇ ಕಲಿತಿದ್ದಾನೆಂದರೆ, ಸಹೋದರೀ, ಅವನ ರವಿವಾರಗಳು ಪೂರ್ತಿ ಹಾಳಾಗಿಲ್ಲ.

ಸಿಂಗಳೀಕದ ಮಾತು ಬಂದದ್ದರಿಂದ ಒಂದು ಸಂಗತಿ. 1987ರಲ್ಲಿ ಕುದುರೆಮುಖವನ್ನು ರಾಷ್ಟ್ರೀಯ ಉದ್ಯಾನವೆಂದು ಘೋಷಿಸಲು ಇದ್ದ ಮುಖ್ಯ ಕಾರಣಗಳಲ್ಲಿ ಈ ಕೋತಿಯೂ ಒಂದು. ಉತ್ತರ ಕನ್ನಡದ ಶಿರಸಿ-ಹೊನ್ನಾವರ ಕಡೆಯ ಕಾಡುಗಳಲ್ಲಿ ಇದರ ಹಲವಾರು ಗುಂಪುಗಳಿರುವುದನ್ನು ವಿಜ್ಞಾನಿಗಳು ತೋರಿಸಿಕೊಟ್ಟ ಮೇಲೆ 2011ರಲ್ಲಿ ಅಘನಾಶಿನಿ ಸಿಂಗಳೀಕ ಸಂರಕ್ಷಿತ ಪ್ರದೇಶ ಘೋಷಣೆಯಾಯಿತು. ಮರದಿಂದ ಮರಕ್ಕೆ ದಾಟಿ ಬದುಕುವ ಪ್ರಾಣಿಗೆ ಕೊಂಬೆಗಳು ಕೂಡಿರುವುದೇ ದಾರಿ. ನಡುವೆ ರಸ್ತೆ ಬಂದು ಆ ಸರಪಳಿ ಕಡಿಯಿತೆಂದರೆ ನೆಲಕ್ಕಿಳಿಯಬೇಕು, ಇಳಿದರೆ ವಾಹನ. ತಮಿಳುನಾಡಿನ ವಾಲ್‌ಪಾರೈಯಲ್ಲಿ ಸಿಂಗಳೀಕಗಳು ರಸ್ತೆ ದಾಟಲೆಂದು ಈ ಬದಿಯ ಮರದಿಂದ ಆ ಬದಿಯ ಮರಕ್ಕೆ ಮೇಲಿನಿಂದಲೇ ಕೃತಕ ಸೇತುವೆ ಕಟ್ಟಿದ್ದಾರೆ. ಕೊಂಬೆ, ರಸ್ತೆ ಇವುಗಳ ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಎಲ್ಲಿ ನಿಲ್ಲಬೇಕು ಎಂಬುದೂ ಒಂದು ವಿದ್ಯೆ. ಮರದ ಬುಡದಲ್ಲಿ ನಿಂತು ಕುತ್ತಿಗೆ ಎತ್ತಿದರೆ ಸಿಗುವುದು ಪ್ರಾಣಿಯ ಹೊಟ್ಟೆ ಮತ್ತು ಗಲ್ಲ ಮಾತ್ರ. ಘಟ್ಟದ ಊರಿನವರಿಗೆ ಒಂದು ಅನುಕೂಲವಿದೆ. ಗುಡ್ಡದ ಇಳಿಜಾರಿನ ಮೇಲ್ಭಾಗದಲ್ಲಿ ನಿಂತರೆ ಕೆಳಗಿನ ಮರದ ತುದಿ ನಮ್ಮ ಕಣ್ಣಿನ ಮಟ್ಟಕ್ಕೇ ಬರುತ್ತದೆ. ಆಗ ಹಿನ್ನೆಲೆಯಲ್ಲಿ ಆಕಾಶದ ಬದಲು ಎದುರು ಗುಡ್ಡದ ಹಸಿರು ಸಿಗುತ್ತದೆ, ಬೆಳಕಿನ ಮುಕ್ಕಾಲು ತೊಂದರೆ ಅಲ್ಲಿಗೇ ಮುಗಿಯುತ್ತದೆ. ಕಂಪ್ಯೂಟರಿನಲ್ಲಿ ಎರಡು ಗಂಟೆ ಕುಳಿತು ಮಾಡುವ ತಿದ್ದುಪಡಿಯನ್ನು ಹತ್ತು ಹೆಜ್ಜೆ ಗುಡ್ಡ ಹತ್ತಿ ಮಾಡಿ ಮುಗಿಸಬಹುದು. ಹಾಗೆಯೇ ಮುಖಕ್ಕೆ ಕೊಂಬೆ ಅಡ್ಡ ಬಂದರೆ ಎರಡು ಹೆಜ್ಜೆ ಬದಿಗೆ ಸರಿದರೆ ಅರ್ಧ ಪಾಲು ಕೊಂಬೆಗಳು ತಾವಾಗಿಯೇ ದೂರವಾಗುತ್ತವೆ. ಆ ಹುಡುಗ ಸರಿದಿದ್ದನೋ ಇಲ್ಲವೋ ಎಂದು ಕೇಳಿ ನೋಡಿ.

ಪ್ರಾಣಿಯನ್ನು ಮೊದಲು ಹುಡುಕಬೇಕಾದದ್ದು ಕಿವಿಯಿಂದ. ಕೆಂದಳಿಲು ಗಾಬರಿಯಾದರೆ ಗಿಲಕಿ ಅಲ್ಲಾಡಿಸಿದಂತೆ ಬಿಟ್ಟುಬಿಡದೆ ಕೂಗುತ್ತದೆ. ಹಾಗೆ ಕೂಗುತ್ತಿದ್ದರೆ ನೀವು ಹತ್ತಿರವಾದಿರಿ ಎಂದರ್ಥ, ಹಿಂದೆ ಸರಿಯಿರಿ. ಅದು ನಿಶ್ಚಿಂತೆಯಿಂದ ತಿನ್ನುತ್ತಿದ್ದರೆ ಹಣ್ಣಿನ ಚೂರುಗಳು ಎಲೆಯ ಮೇಲೆ ಪಟಪಟನೆ ಬೀಳುವ ಸದ್ದು ಕೇಳುತ್ತದೆ. ಹಣ್ಣಾದ ಹಲಸು, ಅತ್ತಿ ಎಲ್ಲಿದೆ ಎಂದು ತಿಳಿದುಕೊಂಡು ದೂರದಲ್ಲಿ ಕುಳಿತುಬಿಟ್ಟರೆ ಅದೇ ಬರುತ್ತದೆ. ಕುಳಿತು ತಿನ್ನುವ ಅಳಿಲಿಗೆ ಸೆಕೆಂಡಿನ ಐನೂರನೆಯ ಒಂದು ಭಾಗದ ವೇಗ ಸಾಕು, ಹಾರುವುದಕ್ಕೆ ಸಾವಿರದ ಮೇಲೆ ಬೇಕು. ಇದು ಒಂದು ಮರದಿಂದ ಇನ್ನೊಂದಕ್ಕೆ ಇಪ್ಪತ್ತು ಅಡಿಯವರೆಗೂ ಹಾರಬಲ್ಲದು. ಅದನ್ನು ಹಿಡಿಯುತ್ತೇನೆಂದು ನಾನು ಎಷ್ಟು ಶುಕ್ರವಾರ ಕಳೆದಿದ್ದೇನೋ ಲೆಕ್ಕವಿಲ್ಲ. ಸಿಕ್ಕಿದ್ದು ಬಾಲ ಮಾತ್ರ, ಅದೂ ಚೌಕಟ್ಟಿನ ಮೂಲೆಯಲ್ಲಿ.

ರಾತ್ರಿಯ ಕಾಡುಪಾಪದ ಬಗ್ಗೆ ಒಂದೇ ಮಾತು. ಕತ್ತಲಲ್ಲಿ ನೋಡಲೆಂದೇ ಇರುವ ಆ ದೊಡ್ಡ ಕಣ್ಣುಗಳಿಗೆ ಫ್ಲ್ಯಾಶ್ ಹೊಡೆಯಬೇಡಿ. ಚಿತ್ರಕ್ಕಾಗಿ ಅದನ್ನು ಹಿಡಿದು ಕೊಂಬೆಗೆ ಕೂರಿಸುವವರೂ ಇದ್ದಾರೆ. ವಾಮಾಚಾರದವರ ಕೈಯಲ್ಲಿ ಅದು ಮೊದಲೇ ಸಾಕಷ್ಟು ನೊಂದಿದೆ. ತಮಿಳುನಾಡು ಸರಕಾರ 2022ರಲ್ಲಿ ಕಡವೂರಿನಲ್ಲಿ ಕಾಡುಪಾಪಕ್ಕೆಂದೇ ಒಂದು ಅಭಯಾರಣ್ಯ ಘೋಷಿಸಿತು, ದೇಶದಲ್ಲಿ ಅದು ಮೊದಲನೆಯದು.

ಇನ್ನು ತಿದ್ದುವ ವಿಷಯ. ತಿದ್ದುವುದೇ ತಪ್ಪು ಎಂದು ಸಹೋದರಿ ಭಾವಿಸಿದ್ದರೆ ಅದನ್ನು ನಾನು ಒಪ್ಪುವುದಿಲ್ಲ. ನಮ್ಮ ಕಣ್ಣು ಕಂಡದ್ದನ್ನೆಲ್ಲ ಕ್ಯಾಮರಾ ಕಾಣುವುದಿಲ್ಲ. ನೆರಳಿನಲ್ಲಿ ಕುಳಿತ ಸಿಂಗಳೀಕದ ಕಣ್ಣು, ಅದರ ಹಿಂದಿನ ಹೊಳೆಯುವ ಆಕಾಶ ಎರಡನ್ನೂ ನಾವು ಒಟ್ಟಿಗೆ ನೋಡಬಲ್ಲೆವು, ಅದಕ್ಕಾಗದು. ಆದ್ದರಿಂದ ನೆರಳನ್ನು ಸ್ವಲ್ಪ ತೆರೆದು ಕಣ್ಣು ಕಾಣುವಂತೆ ಮಾಡುವುದು ಸುಳ್ಳಲ್ಲ, ಕಂಡದ್ದನ್ನು ಮರಳಿ ತರುವುದು. ಎಲೆಗಳಿಂದ ಸೋಸಿ ಬಂದ ಬೆಳಕು ಎಲ್ಲಕ್ಕೂ ಹಸಿರು ಛಾಯೆ ಬಳಿಯುತ್ತದೆ. ಸಿಂಗಳೀಕದ ಕೇಸರ ಬೂದು ಬಣ್ಣದ್ದೆಂದು ನಮಗೆ ಗೊತ್ತಿದೆ, ಅದು ಪಾಚಿಯಂತೆ ಕಂಡರೆ ಹಸಿರನ್ನು ತಗ್ಗಿಸಬಹುದು. ಎಲೆಗಳ ಸಂದಿಯಲ್ಲಿ ಆಕಾಶ ಹೊಳೆಯುವಲ್ಲಿ ಎಲೆಯಂಚಿಗೆ ಒಂದು ನೇರಳೆ ಗೆರೆ ಮೂಡುತ್ತದೆ. ಅದು ಮಸೂರದ ದೋಷ, ಕಾಡಿನಲ್ಲಿ ಇಲ್ಲದ್ದು, ಅಳಿಸಬಹುದು. ಮಬ್ಬು ಬೆಳಕಿನಲ್ಲಿ ತೆಗೆದ ಚಿತ್ರದಲ್ಲಿ ರವೆ ಚೆಲ್ಲಿದಂತೆ ಚುಕ್ಕೆಗಳು ಬರುತ್ತವೆ. ಅದನ್ನೂ ಹದವಾಗಿ ಕಡಿಮೆ ಮಾಡಬಹುದು, ವಿಪರೀತ ಮಾಡಿದರೆ ಅಳಿಲಿನ ರೋಮ ಮೇಣದಂತಾಗುತ್ತದೆ. ಸುತ್ತಲಿನದ್ದು ಹೆಚ್ಚಾದರೆ ಕತ್ತರಿಸಬಹುದು. ಆದರೆ ಕೆಂದಳಿಲಿನ ಬಾಲವನ್ನು ಮಾತ್ರ ಕತ್ತರಿಸಬೇಡಿ. ಮೈಗಿಂತ ಉದ್ದದ ಆ ಬಾಲವನ್ನು ಅದು ಕೊಂಬೆಯ ಒಂದು ಬದಿಗೆ ಇಳಿಬಿಟ್ಟು ತಕ್ಕಡಿಯಂತೆ ತೂಕ ಸರಿ ಮಾಡಿಕೊಂಡು ಕೂರುತ್ತದೆ. ಬಾಲವಿಲ್ಲದಿದ್ದರೆ ಅದು ಕುಳಿತಿರುವ ಬಗೆಯೇ ಅರ್ಥವಾಗುವುದಿಲ್ಲ.

ಇಲ್ಲಿ ಹುಡುಗರಿಗೆ ತಿಳಿದಿರಬೇಕಾದ ಒಂದು ಲೆಕ್ಕವಿದೆ. ಕ್ಯಾಮರಾ ಸಾಮಾನ್ಯವಾಗಿ ಕೊಡುವ ಜೆಪೆಗ್ ಚಿತ್ರದಲ್ಲಿ ಒಂದೊಂದು ಬಣ್ಣಕ್ಕೆ 256 ಮೆಟ್ಟಿಲುಗಳಷ್ಟೇ ಇರುತ್ತವೆ. ರಾ ಎಂಬ ಕಚ್ಚಾ ಕಡತದಲ್ಲಿ, 14 ಬಿಟ್‌ನದ್ದಾದರೆ, 16,384 ಮೆಟ್ಟಿಲುಗಳು. ಕತ್ತಲೆಯಾದ ಸಿಂಗಳೀಕದ ಮೈಯನ್ನು ಬೆಳಗಿಸಲು ಹೊರಟಾಗ ಈ ವ್ಯತ್ಯಾಸ ಗೊತ್ತಾಗುತ್ತದೆ. ಜೆಪೆಗ್‌ನಲ್ಲಿ ಕಪ್ಪು ಒಡೆದು ತೇಪೆ ತೇಪೆಯಾಗುತ್ತದೆ, ರಾ ಕಡತದಲ್ಲಿ ಎಳೆ ಎಳೆ ರೋಮ ಎದ್ದು ಬರುತ್ತದೆ. ಆದರೆ ಪೂರ್ತಿ ಬೆಳ್ಳಗೆ ಸುಟ್ಟುಹೋದ ಭಾಗ ಯಾವುದರಲ್ಲೂ ಮರಳಿ ಬಾರದು.

ರಾ ಕಡತದ ಇನ್ನೊಂದು ಗುಣ ನನಗೆ ಬಹಳ ಹಿಡಿಸಿತು. ಮದ್ರಸದಲ್ಲಿ ಕಿತಾಬು ಓದಿದವರಿಗೆ ಗೊತ್ತು, ಪುಟದ ನಡುವೆ ಮತ್ನ್ ಇರುತ್ತದೆ, ಅಂದರೆ ಮೂಲ ಗ್ರಂಥ. ಸುತ್ತಲಿನ ಅಂಚಿನಲ್ಲಿ ಹಾಶಿಯಾ, ಅಂದರೆ ವಿವರಣೆ. ನಮ್ಮ ಉಸ್ತಾದರು ಅಂಚಿನಲ್ಲಿ ಎಷ್ಟು ಬೇಕಾದರೂ ಬರೆದುಕೊಳ್ಳಲು ಬಿಡುತ್ತಿದ್ದರು. ಮತ್ನ್‌ನ ಒಂದು ಅಕ್ಷರದ ಮೇಲೆ ಪೆನ್ಸಿಲ್ ತಾಗಿದರೂ ಕಿವಿ ಹಿಂಡುತ್ತಿದ್ದರು. ಲೈಟ್‌ರೂಮ್, ಡಾರ್ಕ್‌ಟೇಬಲ್‌ನಂಥ ತಂತ್ರಾಂಶಗಳು ಕೆಲಸ ಮಾಡುವುದು ಥೇಟ್ ಇದೇ ರೀತಿ. ರಾ ಕಡತವನ್ನು ಅವು ಮುಟ್ಟುವುದೇ ಇಲ್ಲ. ನೀವು ಮಾಡಿದ ತಿದ್ದುಪಡಿಗಳನ್ನೆಲ್ಲ ಬೇರೆಯಾಗಿ ಬರೆದಿಟ್ಟುಕೊಳ್ಳುತ್ತವೆ. ಹತ್ತು ವರ್ಷದ ಮೇಲೆ ಬೇಕೆಂದರೂ ಹಾಶಿಯಾ ಸರಿಸಿ ಮತ್ನ್ ನೋಡಬಹುದು. ಡಾರ್ಕ್‌ಟೇಬಲ್‌ಗೆ ಹಣ ಕೊಡಬೇಕಾಗಿಲ್ಲ ಎಂಬುದನ್ನೂ ತಂದೆ-ತಾಯಿಯರ ಗಮನಕ್ಕೆ ತರುತ್ತೇನೆ. ಫೋನಿನಲ್ಲಾದರೆ ಸ್ನ್ಯಾಪ್‌ಸೀಡ್ ಕೂಡ ಹಾಗೆಯೇ. ಅಂದಹಾಗೆ, ಬರೀ ಫೋನ್ ಇರುವವರು ಬೆರಳಿನಿಂದ ಎಳೆದು ಎಳೆದು ಪ್ರಾಣಿಯನ್ನು ದೊಡ್ಡದು ಮಾಡಲು ಹೋಗಬೇಡಿ. ಮರವನ್ನು ಪೂರ್ತಿ ತೆಗೆಯಿರಿ, ಪ್ರಾಣಿ ಸಣ್ಣದಾಗಿ ಕಾಣಲಿ. ಅದರ ಮನೆ ಯಾವುದೆಂದಾದರೂ ತಿಳಿಯುತ್ತದೆ.

ಬಣ್ಣದ ವಿಷಯದಲ್ಲಿ ನಮ್ಮವರ ಕೈ ಸ್ವಲ್ಪ ಉದಾರ. ಕೆಂದಳಿಲಿನ ಬೆನ್ನು ಕಡುಗೆಂಪು, ಜೊತೆಗೆ ಕಪ್ಪು, ಹೊಟ್ಟೆ ಕೆನೆ ಬಣ್ಣ. ಇಷ್ಟು ಚೆಂದವಿರುವುದು ಸಾಲದೆಂದು ಬಣ್ಣದ ಗುಂಡಿಯನ್ನು ಕೊನೆಯವರೆಗೆ ಎಳೆಯುತ್ತಾರೆ. 2019ರಲ್ಲಿ ಈ ಅಳಿಲಿನ ಕೆಲವು ಚಿತ್ರಗಳು ಲೋಕವಿಡೀ ಹರಿದಾಡಿದವು. ವಿದೇಶದ ಪತ್ರಿಕೆಗಳು ಕಾಮನಬಿಲ್ಲಿನ ಅಳಿಲು, ನೇರಳೆ ಅಳಿಲು ಎಂದೆಲ್ಲ ತಲೆಬರಹ ಕೊಟ್ಟವು. ಇಂಥ ಪ್ರಾಣಿ ನಿಜವಾಗಿ ಇದೆಯೇ, ಬಣ್ಣ ಹೆಚ್ಚಿಸಿದ್ದೇ ಎಂದು ಚರ್ಚೆಯೇ ನಡೆಯಿತು. ನಮ್ಮ ಹಿತ್ತಲಿನ ಪ್ರಾಣಿಯನ್ನು ಜನ ನಂಬದೆ ಹೋದರು! ಇದು ಬರೀ ಅಂದದ ಪ್ರಶ್ನೆಯಲ್ಲ. ಪಶ್ಚಿಮ ಘಟ್ಟದ ಉತ್ತರ ಭಾಗದ ಕೆಂದಳಿಲಿಗೂ ದಕ್ಷಿಣದ್ದಕ್ಕೂ ಮೈಬಣ್ಣದಲ್ಲಿ ವ್ಯತ್ಯಾಸವಿದೆ. ಮಹಾರಾಷ್ಟ್ರದವರು ಶೇಕರು ಎಂದು ಕರೆದು ತಮ್ಮ ರಾಜ್ಯಪ್ರಾಣಿ ಮಾಡಿಕೊಂಡಿರುವ ಅಳಿಲೂ ಇದೇ ಜಾತಿ, ಆದರೆ ನಮ್ಮ ದಕ್ಷಿಣದ ಅಳಿಲಿನ ಮೈಮೇಲಿರುವಷ್ಟು ಕಪ್ಪು ಅದಕ್ಕಿಲ್ಲ. ಯಾವ ಕಾಡಿನ ಅಳಿಲು ಯಾವ ಬಗೆಯದು ಎಂದು ತಿಳಿದವರು ಗುರುತಿಸುವುದೇ ಬೆನ್ನು ಮತ್ತು ಬಾಲದ ಬಣ್ಣದಿಂದ. ಕಂಪ್ಯೂಟರಿನಲ್ಲಿ ನೀವು ಕಪ್ಪನ್ನು ಕೆಂಪಾಗಿಸಿದರೆ ಇಲ್ಲಿಯ ಅಳಿಲನ್ನು ಅಲ್ಲಿಯದೆಂದು ಹೇಳಿದಂತಾಯಿತು.

ಲೋಕದಲ್ಲಿ ಹೆಸರಾದ ವನ್ಯಜೀವಿ ಛಾಯಾಚಿತ್ರ ಸ್ಪರ್ಧೆಯನ್ನು ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ ನಡೆಸುತ್ತದೆ. ಅಲ್ಲಿಯ ನಿಯಮವೂ ಇದೇ ಧಾಟಿಯದ್ದು. ಬೆಳಕು ಸರಿಮಾಡಬಹುದು, ಕತ್ತರಿಸಬಹುದು, ಸೆನ್ಸರಿನ ಧೂಳಿನ ಚುಕ್ಕೆ ತೆಗೆಯಬಹುದು. ಚಿತ್ರದಲ್ಲಿದ್ದ ವಸ್ತುವನ್ನು ತೆಗೆಯುವಂತಿಲ್ಲ, ಇಲ್ಲದ್ದನ್ನು ಸೇರಿಸುವಂತಿಲ್ಲ. ಕೊನೆಯ ಸುತ್ತಿಗೆ ಬಂದವರು ಮೂಲ ಕಡತವನ್ನೂ ಒಪ್ಪಿಸಬೇಕು. ತಿದ್ದದೆಯೇ ಜನರನ್ನು ಬೆರಗಾಗಿಸುವುದು ಸಾಧ್ಯವೇ ಎಂದು ಹುಡುಗ ಕೇಳಿದರೆ ಭಾರತೀಯ ಮೂಲದ ಕೆನಡಾವಾಸಿ ಥಾಮಸ್ ವಿಜಯನ್ ಅವರ ಒರಾಂಗುಟಾನ್ ಚಿತ್ರ ತೋರಿಸಿ. ಬೋರ್ನಿಯೋ ದ್ವೀಪದಲ್ಲಿ ನೀರಿನಲ್ಲಿ ನಿಂತ ಮರವೊಂದನ್ನು ಆರಿಸಿಕೊಂಡು, ತಾವೇ ಮರ ಹತ್ತಿ ಗಂಟೆಗಟ್ಟಲೆ ಕಾದು, ಒರಾಂಗುಟಾನ್ ಏರಿ ಬರುವುದನ್ನು ಮೇಲಿನಿಂದ ತೆಗೆದರು. ಕೆಳಗಿನ ನೀರಿನಲ್ಲಿ ಆಕಾಶದ ಪ್ರತಿಬಿಂಬ. ನೋಡಿದವರಿಗೆ ಲೋಕವೇ ತಲೆಕೆಳಗಾದಂತೆ ಕಾಣುತ್ತದೆ. 2021ರಲ್ಲಿ ಅದಕ್ಕೆ ನೇಚರ್ ಟಿಟಿಎಲ್ ಸ್ಪರ್ಧೆಯ ಮೊದಲ ಸ್ಥಾನ ಸಿಕ್ಕಿತು.

ಈಗ ನನ್ನ ತಪ್ಪಿನ ಕಥೆ.

2021ರ ನವೆಂಬರ್ ತಿಂಗಳು. ಘಟ್ಟದ ರಸ್ತೆಗೆ ತಾಗಿಕೊಂಡಿರುವ ಹಲಸಿನ ಮರದಲ್ಲಿ ಒಂದು ಕೆಂದಳಿಲು ನನ್ನ ಕಣ್ಣಿನ ಮಟ್ಟಕ್ಕೇ ಬಂದು ಕುಳಿತಿತು. ಬೆಳಗಿನ ಬೆಳಕು ಬದಿಯಿಂದ ಬೀಳುತ್ತಿತ್ತು. ಬಾಲ ಪೂರ್ತಿ ಕಾಣುತ್ತಿತ್ತು. ನನ್ನ ಜೀವಮಾನದ ಚಿತ್ರ ಎನ್ನಿ. ಆದರೆ ಅಳಿಲಿನ ಹಿಂಗಾಲಿನ ಪಕ್ಕದಲ್ಲೇ, ಒಂದು ಗೇಣು ದೂರದಲ್ಲಿ, ವಿದ್ಯುತ್ ತಂತಿಯೊಂದು ಚಿತ್ರವನ್ನು ಓರೆಯಾಗಿ ಸೀಳಿಕೊಂಡು ಹೋಗಿತ್ತು. ಮುಂದಿನ ವರ್ಷದ ಶಾಲೆಯ ಕ್ಯಾಲೆಂಡರಿಗೆ ಚಿತ್ರ ಕೇಳಿದ್ದರು. ರಾತ್ರಿ ಕುಳಿತು ತಂತಿಯನ್ನು ಅಳಿಸಿದೆ. ಆಗ ಒಂದೊಂದೇ ಎಲೆಯನ್ನು ನಕಲು ಮಾಡಿ ತಂತಿಯ ಮೇಲೆ ಅಂಟಿಸಬೇಕಾಗಿತ್ತು, ಎರಡು ಗಂಟೆ ಹಿಡಿಯಿತು. ಈಗಂತೂ ಫೋನಿನಲ್ಲಿ ಬೆರಳಿನಿಂದ ಒಂದು ಸುತ್ತು ಹಾಕಿದರೆ ಸಾಕು, ಯಂತ್ರವೇ ಬೇಡದ್ದನ್ನು ನುಂಗಿ ಆ ಜಾಗಕ್ಕೆ ಇಲ್ಲದ ಎಲೆ ಹುಟ್ಟಿಸಿ ಕೊಡುತ್ತದೆ. ಮುಗಿದ ಮೇಲೆ ಎಷ್ಟು ಸಂತೋಷವಾಯಿತೆಂದರೆ ಹಳೆಯ ಹೆಸರಿನ ಮೇಲೆಯೇ ಸೇವ್ ಮಾಡಿಬಿಟ್ಟೆ. ಆಗ ನಾನು ತೆಗೆಯುತ್ತಿದ್ದುದು ಜೆಪೆಗ್ ಮಾತ್ರ. ಕಾರ್ಡ್ ಸಣ್ಣದು, ಮರುದಿನ ಅದನ್ನೂ ಖಾಲಿ ಮಾಡಿದೆ.

ಜನವರಿಯಲ್ಲಿ ಕ್ಯಾಲೆಂಡರ್ ಬಂತು. ಎಲ್ಲರೂ ಹೊಗಳಿದರು. ನಮ್ಮ ಭಾಗದ ಅರಣ್ಯ ಇಲಾಖೆಯ ವಾಚರ್ ಒಬ್ಬರಿಗೆ, ಕಾಡಿನ ದಾರಿ ತೋರಿಸಿದ ಉಪಕಾರಕ್ಕೆಂದು, ಒಂದು ಪ್ರತಿ ಕೊಟ್ಟೆ. ಅವರು ಚಿತ್ರವನ್ನು ಬಹಳ ಹೊತ್ತು ನೋಡಿದರು. ಮರ ಯಾವುದೆಂದು ಕೇಳಲೇ ಇಲ್ಲ, ಕೊಂಬೆ ನೋಡಿಯೇ ಗೊತ್ತಾಗಿತ್ತು.

"ಮಾಷ್ಟ್ರೇ, ತಂತಿ ಎಲ್ಲಿ?" ಎಂದರು.

ಅಂದಕ್ಕಾಗಿ ತೆಗೆದೆ ಎಂದೆ. ಅವರು ನಗಲಿಲ್ಲ. ಆ ತಿರುವಿನಲ್ಲಿ ರಸ್ತೆಯ ಎರಡೂ ಬದಿಯ ಮರಗಳು ಒಂದಕ್ಕೊಂದು ತಾಗುವುದು ಆ ಹಲಸಿನ ಕೊಂಬೆಯಲ್ಲಿ ಮಾತ್ರವಂತೆ. ಅಳಿಲು, ಮುಸುವ ಎಲ್ಲವೂ ದಾಟುವುದು ಅಲ್ಲೇ. ಎರಡು ವರ್ಷದ ಹಿಂದೆ ಒಂದು ಮುಸುವ ಮರಿ ಅದೇ ತಂತಿ ಹಿಡಿದು ಸತ್ತುಬಿದ್ದಿತ್ತು. ಅಲ್ಲಿಗೆ ಹೊದಿಕೆ ಇರುವ ಕೇಬಲ್ ಹಾಕಿಕೊಡಿ ಎಂದು ಇವರು ಕೇಳುತ್ತಲೇ ಇದ್ದರು. "ಪ್ರಾಣಿ ದಾಟುತ್ತದೆಂಬುದಕ್ಕೆ ಏನು ಆಧಾರ?" ಎಂಬ ಮಾತು ಬಂದಿತ್ತು. "ನಿಮ್ಮ ಹತ್ತಿರ ಮೊದಲಿನ ಫೋಟೋ ಇದ್ದೀತಲ್ಲ, ಅದನ್ನು ಕೊಡಿ. ಕಾಲಿನ ಪಕ್ಕದಲ್ಲೇ ತಂತಿ ಇರುವುದು, ಅದಕ್ಕಿಂತ ಬೇರೆ ಆಧಾರ ಬೇಡ" ಎಂದರು.

ನನ್ನ ಹತ್ತಿರ ಇರಲಿಲ್ಲ.

ಅಳಿಸಿದ ಕಡತ ಮರಳಿ ತರಿಸುವ ಅಂಗಡಿಗೆ ಹೋದೆ, ಆಗಲಿಲ್ಲ. ಮತ್ತೆ ತೆಗೆಯೋಣವೆಂದು ಏಳೆಂಟು ಶುಕ್ರವಾರ ಆ ತಿರುವಿನಲ್ಲಿ ನಿಂತೆ. ಒಮ್ಮೆ ಎದುರು ಬದಿಯಲ್ಲಿ ಅಳಿಲು ಕಂಡಿತು, ತಂತಿಯ ಹತ್ತಿರ ಬರಲಿಲ್ಲ. ಬರೀ ಕೊಂಬೆಯ ಮತ್ತು ತಂತಿಯ ಚಿತ್ರ ತೆಗೆದು ಒಂದು ಮನವಿಯ ಜೊತೆ ಇಬ್ಬರೂ ಕೊಟ್ಟು ಬಂದೆವು. ಮೇ ತಿಂಗಳಲ್ಲಿ, ಮಳೆಗಾಲಕ್ಕೆ ಮುಂಚೆ ಕೊಂಬೆ ಸವರುವವರು ಬಂದರು. ನಮ್ಮ ಚಿತ್ರದಲ್ಲಿ ಕಂಡದ್ದು ತಂತಿಗೆ ತಾಗುವ ಒಂದು ಕೊಂಬೆ ತಾನೇ? ಅದನ್ನು ಬುಡದಿಂದ ಕಡಿದು ಹೋದರು. ಅವರ ಕೆಲಸ ಅವರು ಮಾಡಿದರು, ದೂರುವುದೇನಿಲ್ಲ. ನಮ್ಮ ಮನವಿಯನ್ನು ಮೇಲಿನವರು ಓದಿದ್ದರೋ ಇಲ್ಲವೋ ತಿಳಿಯದು.

ಸಹೋದರೀ, ನಿಮ್ಮ ಮಗನ ಕೊಂಬೆ ನನ್ನ ತಂತಿಯಷ್ಟು ದೊಡ್ಡ ಸಂಗತಿಯಲ್ಲದಿರಬಹುದು. ಬೈಯಬೇಡಿ. ಕಾಲೇಜಿನ ಸ್ಪರ್ಧೆಯ ನಿಯಮದಲ್ಲಿ ಏನಿದೆ ಎಂದು ಮೊದಲು ಓದಿಸಿ. ಅಳಿಸಬಾರದೆಂದು ಇದ್ದರೆ ಅವನೇ ಹೋಗಿ ಅಧ್ಯಾಪಕರಿಗೆ ಹೇಳಲಿ, ಬಹುಮಾನ ಹಿಂದೆ ಕೊಡಬೇಕಾದರೆ ಕೊಡಲಿ. ನಿಯಮವೇ ಇಲ್ಲದಿದ್ದರೆ ಚಿತ್ರದ ಕೆಳಗೆ "ಕೊಂಬೆಯೊಂದನ್ನು ಅಳಿಸಲಾಗಿದೆ" ಎಂಬ ಒಂದು ಸಾಲು ಬರೆಯಿಸಿ. ಆ ಸಾಲು ಬರೆಯಲು ಅವನಿಗೆ ಮನಸ್ಸು ಬಾರದಿದ್ದರೆ ನಿಮ್ಮಿಬ್ಬರಲ್ಲಿ ಯಾರು ಸರಿ ಎಂಬುದು ಅವನಿಗೇ ತಿಳಿಯುತ್ತದೆ. ಮೂಲ ಚಿತ್ರ ಅವನ ಬಳಿ ಇದೆಯೇ ಎಂದು ಇವತ್ತೇ ಕೇಳಿ. ಇದ್ದರೆ ಬೇರೊಂದು ಕಡೆ ಪ್ರತಿ ಮಾಡಿಸಿಡಿ.

ಆ ವಾಚರ್ ಕಳೆದ ವರ್ಷ ನಿವೃತ್ತರಾದರು. ಅವರನ್ನು ಕಾಣಲು ಮನೆಗೆ ಹೋಗಿದ್ದೆ. ಹಳೆಯ ಕ್ಯಾಲೆಂಡರಿನ ಆ ಪುಟ ಗೋಡೆಯಲ್ಲಿ ಹಾಗೆಯೇ ಇದೆ. ಹತ್ತಿರ ಹೋಗಿ ನೋಡಿದೆ. ಅಳಿಲಿನ ಹಿಂಗಾಲಿನ ಪಕ್ಕದಲ್ಲಿ, ತಂತಿ ಇದ್ದ ಜಾಗದಲ್ಲೇ, ಯಾರೋ ಬಾಲ್‌ಪೆನ್ನಿನಿಂದ ಒಂದು ಓರೆ ಗೆರೆ ಎಳೆದಿದ್ದರು. ಮೊಮ್ಮಕ್ಕಳ ಕೆಲಸವೇನೋ ಎಂದುಕೊಂಡೆ. "ಅಲ್ಲ ಮಾಷ್ಟ್ರೇ, ನಾನೇ ಎಳೆದದ್ದು" ಎಂದು ಅವರು ಚಹಾ ತಂದಿಟ್ಟರು.